ಎರಡು ಬಾಣಗಳ ಗುರುತು

ಕೋಟೆಗಳ ನಾಡಿನಲ್ಲಿ ಹುಟ್ಟಿ, ಕೋಟೆಗಳ ನಾಡಿನಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸುತ್ತ ತಲೆ ನರೆತವರು ನಾವು. ಘಟ್ಟದ ಮೇಲಿನ ಹೊಸೂರು, ಡೆಂಕಣಿಕೋಟೆಗಳನ್ನು ಹಿಂದಿನವರು ಬಾಲಾಘಾಟ್ ಎಂದರು. ಘಟ್ಟದ ಕೆಳಗಿನ ಕೃಷ್ಣಗಿರಿ, ಧರ್ಮಪುರಿಗಳನ್ನು ಬಾರಾಮಹಲ್ ಎಂದರು. ಬಾರಾಮಹಲ್ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರದಾಯಿತು; ಹೊಸೂರಿನ ಸೀಮೆ 1799ರಲ್ಲಿ ಅವನ ಮರಣಾನಂತರ ಅದೇ ದಾರಿ ಹಿಡಿಯಿತು. ಹೀಗೆ ಯುದ್ಧಗಳು ಎಳೆದ ಗೆರೆಯ ಈಚೆಗೆ ಉಳಿದ ಕನ್ನಡ ಮನೆಗಳು ನಮ್ಮವು. ಯುದ್ಧಗಳು ಹೋದವು, ಗೆರೆ ಉಳಿಯಿತು. ಗೆರೆಯೊಡನೆ ಮತ್ತೇನೇನು ಉಳಿದಿದೆಯೆಂಬುದನ್ನು ನಾವು ಕಳೆದ ವರ್ಷ ಅನಿರೀಕ್ಷಿತವಾಗಿ ಕಾಣಬೇಕಾಯಿತು.

ಅಂದು ಶಾಲೆ ಬಿಟ್ಟ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. ಈಗ ಅವನೇ ಗೃಹಸ್ಥ. ಅವನ ಮಗ ನಮ್ಮಲ್ಲಿ ಐದನೆಯ ತರಗತಿ. ಆ ವರ್ಷ ಟೊಮೇಟೊ ಬೆಲೆ ಕುಸಿದು, ಕೀಳುವ ಕೂಲಿಯೂ ಹುಟ್ಟದೆ, ಹೊಲದಲ್ಲಿಯೇ ಹಣ್ಣು ಕೊಳೆಸಿದವರಲ್ಲಿ ಅವನೂ ಒಬ್ಬ. “ಮೇಷ್ಟ್ರೇ, ನೀವೊಂದು ಸಲ ಮನೆಗೆ ಬರಬೇಕು. ಅಜ್ಜಿ ಕರೆಯುತ್ತಿದ್ದಾರೆ” ಎಂದನು. ಸಾಲದ ಮಾತಿರಬಹುದೆಂದು ಭಾವಿಸಿ ಹೋದೆವು.

ಮಾತು ಬೇರೆಯೇ ಇತ್ತು. ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯೊಂದನ್ನು ನಡುಮನೆಗೆ ಇಳಿಸಿದ್ದರು. ಒಳಗೆ ರಾಗಿ ಚೀಲದ ತುಂಡು, ಅದರೊಳಗೆ ಎಣ್ಣೆ ಕುಡಿದು ಕಪ್ಪಾದ ಖಾದಿ ಬಟ್ಟೆ, ಅದರೊಳಗೆ ಒಂದು ರಿವಾಲ್ವರ್. ಸುಮಾರು ಒಂದು ಸೇರು ತೂಗಬಹುದಾದ ಆ ಕಬ್ಬಿಣದ ವಸ್ತು ದೀಪದ ಬೆಳಕಿಗೆ ಕಾಗೆಯ ರೆಕ್ಕೆಯಂತೆ ನೀಲಿಗಪ್ಪಾಗಿ ಹೊಳೆಯಿತು. ಎಲ್ಲಿಯೂ ತುಕ್ಕಿಲ್ಲ. ಐದನೆಯ ತರಗತಿಯ ಹುಡುಗ ಅದನ್ನು ಕಣ್ಣರಳಿಸಿ ನೋಡುತ್ತಿದ್ದನು. ಅವನು ನೋಡುತ್ತಿದ್ದ ರೀತಿಯಿಂದಲೇ, ಹಿರಿಯರಿಲ್ಲದ ವೇಳೆ ಅದನ್ನು ಒಮ್ಮೆ ಕೈಗೆತ್ತಿಕೊಂಡಿರಬೇಕೆಂದು ಮೂವತ್ತು ವರ್ಷಗಳ ಮೇಷ್ಟ್ರಗಿರಿಯ ಅನುಭವ ನಮಗೆ ಹೇಳಿತು. ಕೇಳಿದೆವು, ಹುಡುಗ ತಲೆತಗ್ಗಿಸಿದನು. ಎದೆ ಝಲ್ಲೆಂದಿತು. ಅದರೊಳಗೆ ಗುಂಡಿದೆಯೋ ಇಲ್ಲವೋ ಆ ಮನೆಯಲ್ಲಿ ಯಾರಿಗೂ ತಿಳಿಯದು.

ಅಜ್ಜಿ ಎಂಬತ್ತು ದಾಟಿದವರು. ಅದು ಅವರ ಮಾವನವರದು, ಎಂದರೆ ನಮ್ಮ ವಿದ್ಯಾರ್ಥಿಯ ಮುತ್ತಾತನದು. ಮುತ್ತಾತ ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ದಳವನ್ನು ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ ಹೋಗಿದ್ದವರು, ಜಮಾದಾರರಾಗಿ ನಿವೃತ್ತರಾದವರು. ನದಿಗೆ ಸೇತುವೆ ಕಟ್ಟುವುದು, ಕಂದಕ ತೋಡುವುದು, ದಾರಿ ಮಾಡುವುದು ಆ ದಳದ ಕೆಲಸ. 1917ರ ಮಾರ್ಚ್ 11ರಂದು ಬಾಗ್ದಾದ್ ಇಂಗ್ಲಿಷರ ವಶವಾದ ಸುದ್ದಿಯನ್ನು ಅವರು ಹೊಸ ಸೊಸೆಗೆ ನಿನ್ನೆ ನಡೆದುದೆಂಬಂತೆ ಹೇಳುತ್ತಿದ್ದರಂತೆ. 1961ರಲ್ಲಿ ತೀರಿಕೊಂಡರು. ಅಂದಿನಿಂದ ಪೆಟ್ಟಿಗೆ ಅಟ್ಟದ ಮೇಲೆ.

“ಅದನ್ನು ಸರ್ಕಾರಕ್ಕೆ ಏಕೆ ಒಪ್ಪಿಸಲಿಲ್ಲ, ಅಜ್ಜಿ?” ಎಂದು ಕೇಳಿದೆವು.

“ಹೇಗೆ ಒಪ್ಪಿಸುವುದು, ಮೇಷ್ಟ್ರೇ? ಊರಿನವರು ಮೊದಲೇ ಆಡಿಕೊಳ್ಳುತ್ತಿದ್ದರು, ದೊರೆಯ ಡೇರೆಯಿಂದ ಕದ್ದು ತಂದದ್ದು ಅಂತ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೇ ಕೆರೆ ಏರಿಯ ಮೇಲೆ ಹೆಂಗಸರು ಕಳ್ಳಕೋವಿ ಮನೆಯವಳು ಅಂದರು. ಒಪ್ಪಿಸಿದರೆ ಆ ಮಾತು ನಿಜವೆಂದು ಬರೆದುಕೊಟ್ಟ ಹಾಗೆ ಆಗುತ್ತಿರಲಿಲ್ಲವೇ?”

ಆಮೇಲೆ ವೀರಪ್ಪನ್ ಕಾಡಿನಲ್ಲಿದ್ದ ವರ್ಷಗಳು ಬಂದವು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಅವನು ಗುಂಡಿಗೆ ಬಲಿಯಾಗುವವರೆಗೆ, ಕಾಡಂಚಿನ ಹಳ್ಳಿಗಳಲ್ಲಿ ಕೋವಿಯೆಂಬ ಶಬ್ದವನ್ನೇ ಜನ ಪಿಸುಮಾತಿನಲ್ಲಿ ಆಡುತ್ತಿದ್ದ ಕಾಲ ಅದು. ಆಗಂತೂ ಪೆಟ್ಟಿಗೆಯ ಮೇಲೆ ಹಳೆಯ ಚಾಪೆ, ಚಾಪೆಯ ಮೇಲೆ ಹುಣಸೆಹಣ್ಣಿನ ಮಡಕೆ ಬಂದು ಕುಳಿತವು.

ಈಗ ಅದು ಕೆಳಗಿಳಿದದ್ದಕ್ಕೆ ಕಾರಣ ಸಾಲ. ಪಟ್ಟಣದಿಂದ ಕಾರಿನಲ್ಲಿ ಬಂದ ಒಬ್ಬಾತ, ತಾನು ಹಳೆಯ ಸೈನಿಕ ಆಯುಧಗಳ ಸಂಗ್ರಾಹಕನೆಂದು ಹೇಳಿಕೊಂಡು, ಎರಡು ಲಕ್ಷ ರೂಪಾಯಿ ಕೊಡುವೆನೆಂದಿದ್ದನು. ಆದರೆ ಕಾಗದಪತ್ರ ಬೇಡ, ಯಾರಿಗೂ ಹೇಳುವುದು ಬೇಡ, ರಾತ್ರಿ ಬಂದು ಒಯ್ಯುವೆನೆಂಬ ನಿಬಂಧನೆ. ಮೊಮ್ಮಗನಿಗೆ ಆಸೆ, ಅಜ್ಜಿಗೆ ಅಂಜಿಕೆ. ನಿರ್ಣಯ ಮೇಷ್ಟ್ರ ತಲೆಗೆ ಬಂದಿತು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ವಸ್ತುವಿತ್ತು: ನಾಲ್ಕು ಮಡಿಕೆಯ ಒಂದು ಇಂಗ್ಲಿಷ್ ಕಾಗದ. 1878ರ ಆಯುಧ ಕಾಯಿದೆಯಂತೆ ಕೊಡಲಾದ ಪರವಾನಗಿ. ಮೇಲೆ ಸೇಲಂ ಜಿಲ್ಲೆಯ ಹೆಸರು. ಹೊಸೂರಿನ ಸೀಮೆ ಆಗ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಆ ಮನೆ ಇದ್ದಲ್ಲಿಯೇ ಇದೆ. ಜಿಲ್ಲೆಗಳು ಮಾತ್ರ ಅದರ ಮುಂದೆ ಹಾದುಹೋಗಿವೆ. ಆ ಕಾಗದವನ್ನು ಓದಿಸುವ ಧೈರ್ಯ ಅರುವತ್ತು ವರ್ಷ ಯಾರಿಗೂ ಬಂದಿರಲಿಲ್ಲ.

ಆಯುಧವನ್ನು ಎತ್ತಿಕೊಂಡು ಊರೂರು ತಿರುಗುವಂತಿಲ್ಲ. ಹಾಗೆ ಒಯ್ಯುವುದೇ ಅಪರಾಧ. ಆದ್ದರಿಂದ ಅದನ್ನು ಮುಟ್ಟದೆ ಬಟ್ಟೆಯ ಮೇಲೆಯೇ ಮಲಗಿಸಿ, ಮೊಬೈಲಿನಲ್ಲಿ ನಾಲ್ಕಾರು ಚಿತ್ರ ತೆಗೆಸಿ, ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈಯನ್ನು ಅಜ್ಜಿಯ ಸೆರಗಿಗೆ ಕಟ್ಟಿಸಿ, ಚಿತ್ರಗಳನ್ನೂ ಪರವಾನಗಿಯ ಪ್ರತಿಯನ್ನೂ ಹಿಡಿದು ನಾವಿಬ್ಬರು, ಮೇಷ್ಟ್ರು ಮತ್ತು ಶಿಷ್ಯ, ಹೊರಟೆವು.

ಮೊದಲ ದಾರಿ ಕೃಷ್ಣಗಿರಿಗೆ. ರಾಯಕೋಟೆಯ ಬೆಟ್ಟವನ್ನು ಬಳಸಿ ಬಸ್ಸು ಇಳಿಯುವಾಗ, 1791ರ ಜುಲೈ ತಿಂಗಳಲ್ಲಿ ಮೇಜರ್ ಗೌಡಿಯ ಪಡೆ ಈ ದುರ್ಗವನ್ನು ಹಿಡಿದ ಕಥೆಯನ್ನು ಶಿಷ್ಯನಿಗೆ ಹೇಳಿದೆವು. ಅದೇ ವರ್ಷದ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಪೇಟೆಯನ್ನು ಹಿಡಿದರೂ ಮೇಲಿನ ಕೋಟೆ ಅವನಿಗೆ ಬಗ್ಗಲಿಲ್ಲ. ಮೇಲಿನಿಂದ ಉರುಳಿದ ಬಂಡೆಗಳು ಏಣಿಗಳನ್ನೂ ಆಳುಗಳನ್ನೂ ಕೆಡವಿದವು. ಕೋವಿ ಫಿರಂಗಿಗಳ ಕಾಲದಲ್ಲಿಯೂ ಕಲ್ಲೇ ಗೆದ್ದ ಉದಾಹರಣೆ ಅದು. ಟಿಪ್ಪುವಿನ ಕಡೆಯ ಹೆಸರಾಂತ ಆಯುಧವಾದರೋ ರಾಕೆಟ್ಟು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರ ಕೆಸರಿನೊಳಗಿನಿಂದ ಅಂಥ 1000ಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಕೆಸರಿಗೆ ಮದ್ದಿನ ವಾಸನೆಯಿತ್ತೆಂದು ಅಗೆದವರು ಹೇಳಿದರು. ಇನ್ನೂರು ವರ್ಷ ಮಣ್ಣಿನಲ್ಲಿದ್ದರೂ ಮದ್ದು ಮದ್ದೇ ಎಂದು ಹೇಳಿದಾಗ ಶಿಷ್ಯ ಮಗನನ್ನು ನೆನೆದು ಮೌನಿಯಾದನು.

ಕೃಷ್ಣಗಿರಿಯಲ್ಲಿ ನಮಗೆ ಪರಿಚಿತರಾದ ವಕೀಲರೊಬ್ಬರು ವಿಷಯವನ್ನು ಬಿಡಿಸಿ ಹೇಳಿದರು. ಓದುಗರಿಗೂ ಪ್ರಯೋಜನವಾದೀತೆಂದು ಅದರ ಸಾರವನ್ನು ಇಲ್ಲಿ ಕೊಡುತ್ತೇವೆ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ದೃಷ್ಟಿಯಲ್ಲಿ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಆದರೆ ಹಳೆಯದಾದ ಮಾತ್ರಕ್ಕೆ ಕೋವಿ ಕೋವಿಯಲ್ಲವೆಂದಾಗದು. 1959ರ ಆಯುಧ ಕಾಯಿದೆಯು, ಬಳಕೆ ತಪ್ಪಿದ ಅಥವಾ ಪ್ರಾಚೀನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಅದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದಂತಿರಬೇಕು. “ನಿಮ್ಮದು ಚೆನ್ನಾಗಿ ಉಳಿದುಕೊಂಡಿರುವುದೇ ನಿಮ್ಮ ತೊಂದರೆ” ಎಂದು ವಕೀಲರು ನಕ್ಕರು. ತಾತನ ಕಾಲದ್ದೆಂದು ವಾರಸುದಾರನ ಹೆಸರಿನಲ್ಲಿ ಹೊಸ ಪರವಾನಗಿ ಕೇಳಬಹುದು. 2019ರ ತಿದ್ದುಪಡಿಯಂತೆ ಒಬ್ಬನ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದು, ಪಿತ್ರಾರ್ಜಿತವಾದುದೂ ಆ ಲೆಕ್ಕದೊಳಗೇ. ಇಲ್ಲವೇ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ಪಡೆಯಬಹುದು. ಕಾಗದವಿಲ್ಲದೆ ಮಾರಿದರೆ ಮಾರಿದವನಿಗೂ ಕೊಂಡವನಿಗೂ ಸೆರೆಮನೆ. ಕೊಡಗಿನವರಿಗೆ ಇರುವ ವಿನಾಯಿತಿಯನ್ನು ಶಿಷ್ಯನು ಪ್ರಸ್ತಾಪಿಸಿದನು; ಅದು ಕೊಡವ ಜನಾಂಗದವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಸಂಬಂಧಿಸಿದ್ದೇ ಹೊರತು ನಮಗಲ್ಲವೆಂದು ತಿಳಿಸಿದರು.

ಅಲ್ಲಿಗೆ ಎರಡು ಲಕ್ಷದ ಮಾತು ಮುಗಿಯಿತು. ಬಸ್ಸಿನಲ್ಲಿ ಶಿಷ್ಯನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದನು. ನಾವೂ ಮಾತಾಡಿಸಲಿಲ್ಲ. ಬಡ್ಡಿಯ ದಿನ ಹತ್ತಿರವಿರುವವನಿಗೆ ಕಾಯಿದೆಯ ಪಾಠ ರುಚಿಸುವುದಿಲ್ಲ.

ಆದರೂ ಕಳ್ಳಕೋವಿ ಎಂಬ ಮಾತು ಉಳಿದಿತ್ತಷ್ಟೆ. ಅದನ್ನು ಬಗೆಹರಿಸಲೆಂದು ಮರುವಾರ ರಾಯಕೋಟೆಯಲ್ಲಿ ರೈಲು ಹತ್ತಿ ಸೇಲಮಿಗೆ ಹೋದೆವು. ಅಲ್ಲಿ ಪರವಾನಗಿ ಪಡೆದ ವೃದ್ಧ ಬಂದೂಕು ವ್ಯಾಪಾರಿಯೊಬ್ಬರು, ತಂದೆಯ ಕಾಲದಿಂದ ಅದೇ ಕಸುಬಿನವರು, ಕನ್ನಡಕ ಏರಿಸಿ ಚಿತ್ರಗಳನ್ನು ನೋಡಿದರು. ನೋಡುತ್ತಲೇ “ವೆಬ್ಲಿ, ಆರನೆಯ ಮಾರ್ಕು” ಎಂದರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ರಿವಾಲ್ವರನ್ನು ಇಂಗ್ಲಿಷ್ ಸೈನ್ಯ 1887ರಲ್ಲಿ ಸ್ವೀಕರಿಸಿತು. ಆರನೆಯ ಮಾರ್ಕು 1915ರದು. ಹಿಂದಿನವುಗಳ ಹಿಡಿ ಹಕ್ಕಿಯ ಕೊಕ್ಕಿನಂತೆ ಬಾಗಿದ್ದರೆ, ಇದರದು ಚೌಕ. ನಳಿಗೆ ಆರು ಇಂಚು. ಎಡಗಡೆಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಮಡಿಚಿಕೊಂಡು, ಆರು ತೋಟೆಗಳೂ ಒಮ್ಮೆಗೇ ಮೇಲೆದ್ದು ಬೀಳುತ್ತವೆ. ಕೆಸರಿನ ಕಂದಕಗಳಲ್ಲಿಯೂ ಕೈಕೊಡದ ಯಂತ್ರವೆಂದು ಅದಕ್ಕೆ ಹೆಸರು.

ಆಮೇಲೆ ಅವರು ಚಿತ್ರವನ್ನು ಹಿಗ್ಗಿಸಿ ಚೌಕಟ್ಟಿನ ಮೇಲಿನ ಒಂದು ಸಣ್ಣ ಗುರುತನ್ನು ತೋರಿಸಿದರು. ಮೂರು ಗೀರುಗಳ ಅಗಲವಾದ ಬಾಣದ ಮೊನೆ. ಅದು ಇಂಗ್ಲಿಷ್ ಸರ್ಕಾರದ ಸ್ವತ್ತೆಂಬುದರ ಮುದ್ರೆ. ಅದನ್ನು ಕಂಡು ಶಿಷ್ಯನ ಮುಖ ಬಾಡಿತು. “ಅವಸರ ಬೇಡ” ಎಂದು ವೃದ್ಧರು ಬೆರಳನ್ನು ಸ್ವಲ್ಪ ಸರಿಸಿದರು. ಅಲ್ಲಿ ಇನ್ನೊಂದು ಬಾಣ, ಮೊದಲನೆಯದಕ್ಕೆ ಎದುರಾಗಿ, ಮೊನೆಗೆ ಮೊನೆ ತಾಗುವಂತೆ. “ಒಂದು ಬಾಣವಿದ್ದರೆ ಸರ್ಕಾರದ್ದು. ಎರಡು ಬಾಣ ಮೊನೆಗೆ ಮೊನೆ ಕೂಡಿದರೆ, ಸರ್ಕಾರವೇ ಮಾರಿದ್ದು. ಕದ್ದ ಮಾಲಿಗೆ ಯಾರೂ ಈ ಎರಡನೆಯ ಬಾಣ ಹೊಡೆಯುವುದಿಲ್ಲ. ನಿಮ್ಮ ಬಳಿ ಪರವಾನಗಿಯೂ ಇದೆಯಲ್ಲ. ಇನ್ನೇನು ಸಾಕ್ಷಿ ಬೇಕು?”

ಶಿಷ್ಯನು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದನು. ಮುತ್ತಾತ ಹಣ ತೆತ್ತು ಕೊಂಡಿದ್ದ ವಸ್ತುವಿಗಾಗಿ ಮನೆಯವರು ಎರಡು ತಲೆಮಾರು ತಲೆತಗ್ಗಿಸಿ ನಡೆದಿದ್ದರು. ಅದು ಕಳವಿನದಲ್ಲವೆಂಬ ಸಾಕ್ಷಿ ಅದರ ಮೈಮೇಲೆಯೇ, ಸಾಸಿವೆಯಷ್ಟು ಗಾತ್ರದಲ್ಲಿ ಕುಳಿತಿತ್ತು.

ವ್ಯಾಪಾರಿ ಇನ್ನೂ ಕೆಲವು ಮಾತು ಹೇಳಿದರು. ನಿಜವಾದ ಸಂಗ್ರಾಹಕನು ಮೊದಲು ಕಾಗದ ಕೇಳುತ್ತಾನೆ, ಆಮೇಲೆ ಆಯುಧ ನೋಡುತ್ತಾನೆ. ಯಾರದು, ಎಲ್ಲಿಂದ ಬಂದದ್ದು ಎಂಬ ವೃತ್ತಾಂತವೇ ಅವನಿಗೆ ಅರ್ಧ ಬೆಲೆ. ಚೌಕಟ್ಟಿನ ಸಂಖ್ಯೆಯೂ ತಿರುಗುವ ಉರುಳೆಯ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಪರೀಕ್ಷಿಸುತ್ತಾನೆ. ಮೂಲದ ನೀಲಿಗಪ್ಪು ಬಣ್ಣ ಉಳಿದಿದ್ದರೆ ಸಂತೋಷಪಡುತ್ತಾನೆ. ಉಜ್ಜಿ ಬೆಳಗಿಸಿದ್ದನ್ನು ಕಂಡರೆ ಹಣೆ ಚಚ್ಚಿಕೊಳ್ಳುತ್ತಾನೆ. ಚರ್ಮದ ಚೀಲದಲ್ಲಿಟ್ಟ ಕೋವಿಗಳೇ ಬೇಗ ತುಕ್ಕು ಹಿಡಿಯುತ್ತವೆ, ಚರ್ಮ ತೇವವನ್ನು ಹಿಡಿದಿಡುವುದರಿಂದ. ಅಜ್ಜಿ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಒಲೆಯ ಹೊಗೆ ಆಡುವ ಒಣ ಅಟ್ಟದಲ್ಲಿಟ್ಟಿದ್ದೂ, ಹಿತ್ತಾಳೆಯ ದೀಪಗಳಂತೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕದೆ ಬಿಟ್ಟಿದ್ದೂ ಅದನ್ನು ಉಳಿಸಿದವು. ಆಕೆ ಮುಟ್ಟದಿದ್ದುದು ಭಯದಿಂದ. ಆದರೆ ಆ ಭಯವೇ ಒಳ್ಳೆಯ ಸಂರಕ್ಷಣೆಯಾಯಿತು.

ಹಿಂದಿರುಗುವಾಗ ಧರ್ಮಪುರಿಯಲ್ಲಿ ಇಳಿದೆವು. ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಈ ಸೀಮೆಯ ವೀರಗಲ್ಲುಗಳಿವೆ. ತಮಿಳಿನಲ್ಲಿ ಅವನ್ನು ನಡುಕಲ್ ಎನ್ನುತ್ತಾರೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವರು. ಒಂದು ಕೈಯಲ್ಲಿ ಬಿಲ್ಲು, ಒಂದು ಕೈಯಲ್ಲಿ ಕಠಾರಿ, ಮೈಯಲ್ಲಿ ನಾಟಿದ ಬಾಣಗಳು. ಆ ಬಿಲ್ಲು, ಆ ಕಠಾರಿ ಎಂದೋ ಮಣ್ಣಾದವು. ಹಿಡಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಧರ್ಮಪುರಿ ಹಿಂದಿನ ತಗಡೂರು. 9ನೆಯ ಶತಮಾನದಲ್ಲಿ ನೊಳಂಬರು ಇಲ್ಲಿ ಆಳಿದರು. ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನ ಈ ಊರಿನದೇ. ಅದಕ್ಕೂ ಬಹು ಹಿಂದೆ ಇಲ್ಲಿ ಅದಿಯಮಾನ್ ಎಂಬ ದೊರೆಯಿದ್ದನು. ಔವೈಯಾರ್ ಎಂಬ ಕವಯಿತ್ರಿ ಅವನ ದೂತಳಾಗಿ ತೊಂಡೈಮಾನನ ಬಳಿಗೆ ಹೋದಳೆಂದು ತಮಿಳರ ಸಂಗಂ ಸಾಹಿತ್ಯ ತಿಳಿಸುತ್ತದೆ. ತೊಂಡೈಮಾನನು ತನ್ನ ಆಯುಧಶಾಲೆಯನ್ನು ಹೆಮ್ಮೆಯಿಂದ ತೋರಿಸಿದಾಗ, ಆಕೆ ಅವುಗಳ ಹೊಳಪನ್ನು ಮೆಚ್ಚಿ, ತನ್ನ ದೊರೆಯವು ಮಾತ್ರ ಮುರಿದು ಕಮ್ಮಾರನ ಮನೆಯಲ್ಲಿ ಬಿದ್ದಿವೆಯೆಂದಳಂತೆ. ಹೊಗಳಿಕೆಯೋ ತೆಗಳಿಕೆಯೋ ಕೇಳಿದವರೇ ತಿಳಿಯಬೇಕು. ಈ ಕಥೆ ಕೇಳಿ ಶಿಷ್ಯನು ಆ ದಿನ ಮೊದಲ ಬಾರಿ ನಕ್ಕನು. “ಹಾಗಾದರೆ ನಮ್ಮ ಮುತ್ತಾತ ಅದನ್ನು ಹೆಚ್ಚಾಗಿ ಬಳಸಿಯೇ ಇಲ್ಲ ಅನ್ನಿ, ಮೇಷ್ಟ್ರೇ.” ಸೇತುವೆ ಕಟ್ಟುವವರ ದಳವಲ್ಲವೇ, ಅವರ ಕೈಗೆ ಹಗ್ಗವೂ ಹಲಗೆಯೂ ಹೆಚ್ಚು ಬಂದಿರಬೇಕೆಂದು ನಾವೂ ನಕ್ಕೆವು.

ಮನೆಗೆ ಬಂದು ಅಜ್ಜಿಗೆ ಎರಡು ಬಾಣಗಳ ಸಂಗತಿಯನ್ನು ಹೇಳಿದೆವು. ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆವು. ಕಣ್ಣು ಮಂಜಾದ ಆಕೆಗೆ ಅದು ಕಂಡಿತೋ ಇಲ್ಲವೋ. “ಕೆರೆ ಏರಿಯ ಮೇಲೆ ಆಡಿಕೊಂಡವರು ಯಾರೂ ಈಗ ಇಲ್ಲವಲ್ಲ, ಮೇಷ್ಟ್ರೇ, ಯಾರಿಗೆ ತೋರಿಸಲಿ?” ಎಂದರು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ.

ವಕೀಲರು ಬರೆದುಕೊಟ್ಟ ಮನವಿಯೊಡನೆ ಠಾಣೆಗೆ ಮೊದಲೇ ತಿಳಿಸಿದೆವು. ಅವರು ಹೇಳಿದ ದಿನ ಪೊಲೀಸರೇ ಮನೆಗೆ ಬಂದರು. ಆಯುಧ ಬಲ್ಲ ಒಬ್ಬನು ಚಿಲಕ ಒತ್ತಿ ನಳಿಗೆಯನ್ನು ಮಡಿಚಿದನು. ಐದು ಮನೆಗಳು ಬರಿದು. ಆರನೆಯದರಲ್ಲಿ ಒಂದು ತೋಟೆ ಇತ್ತು. ಯಾರೂ ಮಾತಾಡಲಿಲ್ಲ. ಶಿಷ್ಯನು ಮಗನನ್ನು ಎಳೆದು ಮಡಿಲಿಗೆ ಹಾಕಿಕೊಂಡನು. ಎರಡು ಲಕ್ಷದ ಲೆಕ್ಕ ಅವನ ಮನಸ್ಸಿನಲ್ಲಿ ಇನ್ನೂ ಉಳಿದಿದ್ದರೆ, ಅದು ಆ ಗಳಿಗೆಯಲ್ಲಿ ಅಳಿಸಿಹೋಗಿರಬೇಕು.

ಅಜ್ಜಿ ಬೇಡಿಕೊಂಡದ್ದು ಒಂದೇ. ರಸೀತಿಯಲ್ಲಿ ಮಾವನವರ ಹೆಸರಿನ ಮುಂದೆ ಜಮಾದಾರ್ ಎಂದು ಬರೆಯಬೇಕು, ಪರವಾನಗಿ ಇದ್ದದ್ದನ್ನೂ ಕಾಣಿಸಬೇಕು. ಬಂದಿದ್ದ ಅಧಿಕಾರಿ ತಮಿಳಿನಲ್ಲಿ ಹಾಗೆಯೇ ಬರೆದು ಸಹಿ ಹಾಕಿದರು. ನಾವು ಅದನ್ನು ಕನ್ನಡದಲ್ಲಿ ಓದಿ ಹೇಳಿದೆವು. ಆಕೆ ಎರಡನೆಯ ಸಲ ಓದಿಸಿದರು. ನೆರೆಯವರು ಬಾಗಿಲಲ್ಲಿ ಗುಂಪುಗೂಡಿದ್ದರು. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಓದಿದೆವು.

ಅದನ್ನು ವಸ್ತುಸಂಗ್ರಹಾಲಯವೊಂದಕ್ಕೆ ಕಳುಹಿಸಬೇಕೆಂದು ಮನವಿಯಲ್ಲಿ ಕೇಳಿದ್ದೇವೆ; ಉತ್ತರ ಇನ್ನೂ ಬಂದಿಲ್ಲ. ಶಿಷ್ಯನ ಸಾಲ ಹಾಗೆಯೇ ಇದೆ. ಈ ವರ್ಷ ಟೊಮೇಟೊ ಬಿಟ್ಟು ರಾಗಿ, ಹುರುಳಿ ಬಿತ್ತಿದ್ದಾನೆ. ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗಲಿಲ್ಲ, ನಡುಮನೆಯಲ್ಲಿಯೇ ಇದೆ. ಅದರಲ್ಲಿ ಈಗ ಪರವಾನಗಿ, ರಸೀತಿ, ಎರಡು ಬಾಣಗಳ ಚಿತ್ರ ಇವೆ; ಬೀಗವಿಲ್ಲ.

ಗಡಿಯ ಈಚೆ ಆಚೆ ಇರುವ ನಮ್ಮ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಅಟ್ಟದಲ್ಲಿಯೂ ಇಂಥದೊಂದು ಇದ್ದರೆ, ಅದನ್ನು ತಿಕ್ಕಬೇಡಿ, ತೆರೆಯಬೇಡಿ, ಯಾರ ಕಡೆಗೂ ಹಿಡಿಯಬೇಡಿ, ಬರಿದೆಂದು ನಂಬಲೇಬೇಡಿ. ಮಕ್ಕಳ ಕೈಗೆಟುಕದಂತೆ ಬೀಗ ಹಾಕಿ, ಬಲ್ಲ ವಕೀಲರನ್ನು ಕಂಡು ಠಾಣೆಗೆ ತಿಳಿಸಿ. ಕಾರಿನಲ್ಲಿ ಬಂದು ಕಾಗದ ಬೇಡವೆನ್ನುವವನಿಗೆ ಮಜ್ಜಿಗೆ ಕೊಟ್ಟು ಕಳುಹಿಸಿ. ಎಲ್ಲಕ್ಕೂ ಮೊದಲು, ಅದರ ವೃತ್ತಾಂತವನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ, ಇಂದೇ ಕುಳ್ಳಿರಿಸಿಕೊಂಡು ಕೇಳಿ ಬರೆದಿಡಿ. ಕಬ್ಬಿಣವನ್ನು ಎಣ್ಣೆಬಟ್ಟೆ ಕಾಯುತ್ತದೆ; ಮಾತನ್ನು ಹಾಗೆ ಕಾಯುವ ಬಟ್ಟೆಯಿಲ್ಲ.